ಸೈನಿಕರ ಸಮಾಧಿ ಕಲ್ಲಿನ ಮೇಲೆ ಯಾವ ಧರ್ಮದ ಗುರುತು?

ಪ್ರಶ್ನೆ: ಅಮೆರಿಕದ ಸೇನೆಯಲ್ಲಿದ್ದವರು ತೀರಿಕೊಂಡರೆ ಸರ್ಕಾರವೇ ಸಮಾಧಿ ಕಲ್ಲು ಕೊಡುತ್ತದಂತೆ. ಅದರ ಮೇಲೆ ಶಿಲುಬೆ ಬಿಟ್ಟು ಬೇರೆ ಗುರುತು ಕೆತ್ತಿಸಬಹುದಾ? ಅಲ್ಲಿರುವ ಲಿಂಗಾಯತರೊಬ್ಬರು ಇಷ್ಟಲಿಂಗದ ಚಿತ್ರ ಬೇಕು ಅಂದರೆ ಒಪ್ಪುತ್ತಾರಾ?

ಉತ್ತರ: ಶಿಲುಬೆಯೇ ಆಗಬೇಕು ಅಂತೇನಿಲ್ಲ. ಓಂ ಇದೆ, ಸಿಖ್ಖರ ಖಂಡಾ ಇದೆ, ಬೌದ್ಧರ ಧರ್ಮಚಕ್ರ ಇದೆ. ದೇವರೇ ಇಲ್ಲ ಅನ್ನುವವರಿಗೆ ಪರಮಾಣುವಿನ ಚಿತ್ರವೂ ಇದೆ. ಅಲ್ಲಿನ ಮಾಜಿ ಸೈನಿಕರ ಇಲಾಖೆಯ ಪಟ್ಟಿಯಲ್ಲಿ ಈಗ 70ಕ್ಕೂ ಜಾಸ್ತಿ ಗುರುತುಗಳಿವೆ. ಇಷ್ಟಲಿಂಗದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ಈ ಪಟ್ಟಿ ಹೇಗೆ ಬೆಳೆಯಿತು ಅಂತ ನೋಡಬೇಕು. ಯಾಕೆಂದರೆ ಅದು ಸುಮ್ನೆ ಬೆಳೆಯಲಿಲ್ಲ.

ನೆಟ್ಟಗೆ ನಿಲ್ಲಿಸುವ ಕಲ್ಲು ಸಾಮಾನ್ಯವಾಗಿ ಬಿಳಿ ಅಮೃತಶಿಲೆಯದು. 42 ಇಂಚು ಉದ್ದ, 13 ಇಂಚು ಅಗಲ, 4 ಇಂಚು ದಪ್ಪ. ಹೆಸರಿನ ಮೇಲೆ ಧರ್ಮದ ಗುರುತಿಗೆ ಒಂದು ಪುಟ್ಟ ಜಾಗ. ಗುರುತು ಬೇಡ ಅಂದರೆ ಬಿಡಬಹುದು. ಬೇಕು ಅಂದರೆ ಮಾತ್ರ ಇಲಾಖೆಯ ಪಟ್ಟಿಯಲ್ಲಿರುವುದನ್ನೇ ಆರಿಸಬೇಕು. ಮೊದಲ ಮಹಾಯುದ್ಧ ಮುಗಿದಾಗ ಇದ್ದದ್ದು ಎರಡೇ: ಕ್ರೈಸ್ತರಿಗೆ ಶಿಲುಬೆ, ಯಹೂದಿಗಳಿಗೆ ದಾವೀದನ ನಕ್ಷತ್ರ. ಬೌದ್ಧರ ಚಕ್ರ ಸೇರಿದ್ದು 1951ರಲ್ಲಿ.

ಜಗಳ ಜೋರಾಗಿ ನಡೆದದ್ದು ವಿಕ್ಕಾ ಧರ್ಮದವರ ವಿಷಯದಲ್ಲಿ. ವಿಕ್ಕಾ ಅಂದರೆ 20ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ, ಪ್ರಕೃತಿಯನ್ನು ಪೂಜಿಸುವ ಒಂದು ಹೊಸ ಪಂಥ. ಇದನ್ನು ಪಾಲಿಸುವ ಹಲವರು ತಮ್ಮನ್ನು ಮಾಟಗಾತಿಯರು ಅಂತಲೇ ಕರೆದುಕೊಳ್ಳುತ್ತಾರೆ. ಹಾಗಾಗಿ ಕೇಳಿದವರು ಹುಬ್ಬೇರಿಸುವುದು ಸಹಜ. ಇವರ ಗುರುತು ವೃತ್ತದೊಳಗಿನ ಐದು ಮೂಲೆಯ ನಕ್ಷತ್ರ.

ನೆವಾಡಾ ರಾಜ್ಯದ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯ ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೂವರ್ಟ್ ಈ ಪಂಥದವರು. 2005ರ ಸೆಪ್ಟೆಂಬರ್ 25ರಂದು ಅಫ್ಘಾನಿಸ್ತಾನದಲ್ಲಿ ಅವರಿದ್ದ ಚಿನೂಕ್ ಹೆಲಿಕಾಪ್ಟರನ್ನು ಹೊಡೆದುರುಳಿಸಿದರು. ಹೆಂಡತಿ ರೊಬೆರ್ಟಾ ಕೇಳಿದ್ದು ಇಷ್ಟೇ: ಫರ್ನ್ಲಿ ಊರಿನ ಸೈನಿಕರ ಸ್ಮಶಾನದ ಗೋಡೆಯಲ್ಲಿ ಗಂಡನ ಹೆಸರಿನ ಫಲಕ ಹಾಕುವಾಗ ಆ ನಕ್ಷತ್ರವೂ ಇರಲಿ. ಪಟ್ಟಿಯಲ್ಲಿಲ್ಲ ಅಂದರು. ಹಾಗಾದರೆ ಫಲಕವೇ ಬೇಡ ಅಂದರು ಆಕೆ. ಉಳಿದ ಸೈನಿಕರ ಹೆಸರುಗಳ ನಡುವೆ ಅಲ್ಲೊಂದು ಜಾಗ ಖಾಲಿಯೇ ಉಳಿಯಿತು.

ವಿಚಿತ್ರ ನೋಡಿ, ಸೇನೆ ಈ ಪಂಥವನ್ನು ಆಗಲೇ ಒಪ್ಪಿಕೊಂಡಿತ್ತು. ಸೇನೆಯ ಧರ್ಮಗುರುಗಳಿಗೆ 1978ರಲ್ಲಿ ಕೊಟ್ಟ ಕೈಪಿಡಿಯಲ್ಲೇ ವಿಕ್ಕಾ ಬಗ್ಗೆ ಮಾಹಿತಿ ಇತ್ತು. ಸೈನಿಕರು ಕೊರಳಿಗೆ ಹಾಕಿಕೊಳ್ಳುವ ಲೋಹದ ಬಿಲ್ಲೆಯ ಮೇಲೆ ತಮ್ಮ ಧರ್ಮ ವಿಕ್ಕಾ ಅಂತ ಬರೆಸಬಹುದಿತ್ತು. ಅಂದರೆ ಯುದ್ಧಕ್ಕೆ ಕಳಿಸುವಾಗ ಅದು ಧರ್ಮ, ಹೆಣ ವಾಪಸ್ ಬಂದ ಮೇಲೆ ಅಲ್ಲ. ಸಂವಿಧಾನದಲ್ಲಿ ಧರ್ಮದ ಸ್ವಾತಂತ್ರ್ಯ ಇದ್ದರೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗಾಯಿತು.

ಇಲಾಖೆ ತಡೆದದ್ದು ಹೇಗೆ? ಯಾರೂ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಹಿಂದಿನ ನಿಯಮದ ಪ್ರಕಾರ ಧರ್ಮಕ್ಕೊಂದು ಕೇಂದ್ರ ಸಂಸ್ಥೆ ಇರಬೇಕಿತ್ತು, ಅದರ ಮುಖ್ಯಸ್ಥರು ಪತ್ರ ಕೊಡಬೇಕಿತ್ತು. ವಿಕ್ಕಾದಲ್ಲಿ ಪೋಪ್ ಇಲ್ಲ, ಮಠಾಧಿಪತಿ ಇಲ್ಲ. ಸಣ್ಣ ಸಣ್ಣ ಗುಂಪುಗಳು, ಒಂಟಿಯಾಗಿ ಪೂಜೆ ಮಾಡುವವರು, ಅಷ್ಟೇ. ಪತ್ರ ಕೊಡುವವರು ಯಾರು? ಅರ್ಜಿಗಳು ಸುಮಾರು 10 ವರ್ಷ ಕೊಳೆತವು. ಅಷ್ಟರಲ್ಲಿ ಬೇರೆ ಕೆಲವು ಸಣ್ಣ ಪಂಥಗಳ ಗುರುತುಗಳು ಪಟ್ಟಿಗೆ ಸೇರಿಯೂ ಆಗಿತ್ತು. ನನ್ನ ಪ್ರಕಾರ ಇದು ಬರೀ ಕಚೇರಿಯ ನಿಧಾನ ಅಲ್ಲ. ಆಮೇಲೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಬುಷ್ ಟೆಕ್ಸಾಸ್ ಗವರ್ನರ್ ಆಗಿದ್ದಾಗ, 1999ರಲ್ಲಿ, ಮಾಟಗಾರಿಕೆಯನ್ನು ಧರ್ಮ ಅಂತ ತಾನು ಒಪ್ಪುವುದಿಲ್ಲ ಅಂತ ಟಿವಿಯಲ್ಲೇ ಹೇಳಿದ್ದರು. ಆ ಮಾತಿನ ನೆರಳು ಇಲಾಖೆಯ ಕಡತಗಳಲ್ಲಿ ಇತ್ತು ಅಂತ ವಿಕ್ಕಾ ಕಡೆಯ ವಕೀಲರು ಆಮೇಲೆ ಹೇಳಿದರು.

ಮೊದಲು ಬಗ್ಗಿದ್ದು ನೆವಾಡಾ. ಆ ಸ್ಮಶಾನ ರಾಜ್ಯದ್ದು, ಕೇಂದ್ರದ ಅಪ್ಪಣೆಗೆ ಕಾಯಬೇಕಿಲ್ಲ ಅಂತ ತೀರ್ಮಾನಿಸಿ 2006ರ ಕೊನೆಯಲ್ಲಿ ನಕ್ಷತ್ರವಿರುವ ಫಲಕ ಹಾಕಿಸಿತು. ಅದೇ ನವೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ವಿಕ್ಕಾ ಸಂಸ್ಥೆ ಸರ್ಕಲ್ ಸ್ಯಾಂಕ್ಚುರಿ, ರೊಬೆರ್ಟಾ ಮತ್ತಿತರರ ಜೊತೆ ಸೇರಿ ಕೇಂದ್ರ ಇಲಾಖೆಯ ಮೇಲೆ ಕೇಸು ಹಾಕಿತು. ತೀರ್ಪಿನವರೆಗೆ ಹೋಗಲೇ ಇಲ್ಲ. 2007ರ ಏಪ್ರಿಲ್ 23ರಂದು ಸರ್ಕಾರ ರಾಜಿ ಮಾಡಿಕೊಂಡಿತು. ನಕ್ಷತ್ರ ಪಟ್ಟಿಗೆ ಸೇರಿತು. ವಕೀಲರ ಖರ್ಚಿಗೆ 2,25,000 ಡಾಲರ್ ಕೊಟ್ಟಿತು. 2013ರಲ್ಲಿ ಹಳೆಯ ನಾರ್ಡಿಕ್ ದೇವತೆಗಳನ್ನು ಪೂಜಿಸುವವರ ಥಾರ್ ಸುತ್ತಿಗೆಯೂ ಬಂತು.

ಈಗಿನ ನಿಯಮ ಸಡಿಲ. ಮುಖ್ಯಸ್ಥರ ಪತ್ರ ಬೇಕಿಲ್ಲ. ಇದು ತೀರಿಕೊಂಡವರ ಪ್ರಾಮಾಣಿಕ ನಂಬಿಕೆಯ ಗುರುತು ಅಂತ ಮನೆಯವರು ಬರೆದುಕೊಡಬೇಕು. ರಾಜಕೀಯ ಪಕ್ಷದ್ದು, ಕ್ಲಬ್ಬಿನದ್ದು ನಡೆಯುವುದಿಲ್ಲ. ಚಿತ್ರದ ಮೇಲೆ ಬೇರೆಯವರ ಹಕ್ಕು ಇರಬಾರದು, ಕಲ್ಲಿನಲ್ಲಿ ಕೆತ್ತಿದರೆ ಸ್ಪಷ್ಟವಾಗಿ ಕಾಣುವಂತಿರಬೇಕು.

ಇನ್ನು ಇಷ್ಟಲಿಂಗ. ನಮ್ಮಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮವೋ ಅಲ್ಲವೋ ಅನ್ನುವ ವಾದ ಮುಗಿದಿಲ್ಲ. ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿ 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಆದರೆ ಅಮೆರಿಕದ ಸ್ಮಶಾನದಲ್ಲಿ ಆ ವಾದ ಗೆಲ್ಲುವ ಅಗತ್ಯವೇ ಬೀಳುವುದಿಲ್ಲ. ಹೆಣವನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಹೂಳುವ ಸಂಪ್ರದಾಯದವರಿಗೆ ಅದು ಪ್ರಾಮಾಣಿಕ ನಂಬಿಕೆ ಅಂತ ತೋರಿಸುವುದು ಕಷ್ಟವೂ ಅಲ್ಲ. ಒಂದೇ ತೊಡಕು: ಪಟ್ಟಿಯಲ್ಲಿಲ್ಲದ ಹೊಸ ಗುರುತಿಗೆ ಅರ್ಜಿ ಹಾಕುವುದು ಸಾವಾದ ಮೇಲೆಯೇ. ಹಾಗಾಗಿ ಸೇನೆಯಲ್ಲಿರುವವರು ತಮಗೆ ಬೇಕಾದದ್ದನ್ನು ಹೆಂಡತಿಗೋ ಮಕ್ಕಳಿಗೋ ಮೊದಲೇ ಹೇಳಿ, ಕೆತ್ತಲು ಬರುವಂಥ ಒಂದು ಕಪ್ಪು ಬಿಳುಪಿನ ರೇಖಾಚಿತ್ರ ಮಾಡಿಸಿಟ್ಟರೆ ಆ ಹೊತ್ತಿನಲ್ಲಿ ಮನೆಯವರ ಪರದಾಟ ತಪ್ಪುತ್ತದೆ.