ಬಿರುಗಾಳಿಗೆ ಅಧ್ಯಕ್ಷರು ಹೊಣೆಯೇ? ಕತ್ರಿನಾ ಮತ್ತು ಬುಷ್

ಓದುಗರ ಪ್ರಶ್ನೆ: ಚಂಡಮಾರುತ, ಪ್ರವಾಹ, ಭೂಕಂಪ ಯಾವ ನಾಯಕರ ಕೈಯಲ್ಲೂ ಇರುವುದಿಲ್ಲ. ಆದರೂ ಇಂಥ ವಿಕೋಪದ ನಂತರ ದೇಶದ ನಾಯಕರ ಜನಪ್ರಿಯತೆ ಏರುತ್ತದೆ, ಇಲ್ಲವೇ ಕುಸಿಯುತ್ತದೆ. ಇದು ಅನ್ಯಾಯ ಅಲ್ವಾ?

ಉತ್ತರ: ಜನ ಗಾಳಿ ಮಳೆಗೆ ಯಾರನ್ನೂ ಬೈಯುವುದಿಲ್ಲ. ಮಳೆ ನಿಂತ ಮೇಲೆ ನೆರವು ಬರಲು ಎಷ್ಟು ಹೊತ್ತು ಹಿಡಿಯಿತು, ಆ ಹೊತ್ತಿನಲ್ಲಿ ನಾಯಕರು ಎಲ್ಲಿದ್ದರು, ಏನು ಮಾತಾಡಿದರು, ಇದನ್ನು ಲೆಕ್ಕ ಇಡುತ್ತಾರೆ. ಈ ಲೆಕ್ಕ ಬಹಳ ಮಟ್ಟಿಗೆ ನ್ಯಾಯವಾದದ್ದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದರಲ್ಲಿ ಒಂದು ದೊಡ್ಡ ತಪ್ಪೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದ ಕತ್ರಿನಾ ಚಂಡಮಾರುತವನ್ನೇ ನೋಡೋಣ. 2005ರ ಆಗಸ್ಟ್ 29, ಸೋಮವಾರ ಬೆಳಿಗ್ಗೆ ಅದು ಲೂಸಿಯಾನಾ ಕರಾವಳಿಗೆ ಬಡಿಯಿತು. ನ್ಯೂ ಆರ್ಲಿಯನ್ಸ್ ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರು ನುಗ್ಗದಂತೆ ಸುತ್ತ ಕಟ್ಟಿದ್ದ ಒಡ್ಡುಗಳು ಒಂದೊಂದಾಗಿ ಒಡೆದವು. ಊರಿನ ಶೇ 80ರಷ್ಟು ಭಾಗ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು.

ಆ ಸೋಮವಾರ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅರಿಜೋನಾದಲ್ಲಿ ಸೆನೆಟರ್ ಜಾನ್ ಮೆಕೇನ್ ಅವರಿಗೆ ಹುಟ್ಟುಹಬ್ಬದ ಕೇಕ್ ಕೊಡುತ್ತಿದ್ದರು. ಮಂಗಳವಾರ ಕ್ಯಾಲಿಫೋರ್ನಿಯಾದಲ್ಲಿ ಭಾಷಣ ಮಾಡಿದರು. ಅಲ್ಲಿ ಗಾಯಕರೊಬ್ಬರು ಕೊಟ್ಟ ಗಿಟಾರ್ ಹಿಡಿದು ನಿಂತ ಫೋಟೊ ಊರೆಲ್ಲ ಹರಡಿತು. ಬುಧವಾರ ವಾಷಿಂಗ್ಟನ್‌ಗೆ ಮರಳುವಾಗ ವಿಮಾನ ಕೆಳಗಿಳಿದು ಮುಳುಗಿದ ಊರಿನ ಮೇಲೆ ಹಾರಿತು. ಅವರು ಕಿಟಕಿಯಿಂದ ಕೆಳಗೆ ನೋಡುತ್ತಿರುವ ಚಿತ್ರವನ್ನು ಅಧ್ಯಕ್ಷರ ಕಡೆಯವರೇ ತೆಗೆಯಲು ಬಿಟ್ಟಿದ್ದರು. ಜನರ ಕಷ್ಟಕ್ಕೆ ಮರುಗುತ್ತಿದ್ದಾರೆ ಎಂದು ತೋರಿಸುವುದು ಉದ್ದೇಶವಾಗಿತ್ತು. ಜನರಿಗೆ ಕಂಡದ್ದೇ ಬೇರೆ: ತಣ್ಣನೆಯ ವಿಮಾನದಲ್ಲಿ ಕೂತು, ಮೇಲಿನಿಂದ ನೋಡಿ, ಹೊರಟುಹೋದ ಮನುಷ್ಯ. ವೈಮಾನಿಕ ಸಮೀಕ್ಷೆ ನಮಗೇನು ಹೊಸದಲ್ಲ. ಅದು ಕೆಳಗಿನಿಂದ ನೋಡುವವರಿಗೆ ಹೇಗೆ ಕಾಣುತ್ತದೆ ಎಂದು ನೆರೆ ಕಂಡ ಯಾವ ಊರಿನವರನ್ನು ಕೇಳಿದರೂ ಹೇಳುತ್ತಾರೆ. ಆ ಚಿತ್ರ ದೊಡ್ಡ ತಪ್ಪಾಗಿತ್ತು ಎಂದು ಅಧಿಕಾರ ಬಿಟ್ಟ ಮೇಲೆ ಬುಷ್ ಅವರೇ ಒಪ್ಪಿಕೊಂಡರು.

ಅದೇ ಹೊತ್ತಿನಲ್ಲಿ ಕೆಳಗೆ ಏನಾಗುತ್ತಿತ್ತು? ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸಾವಿರಾರು ಜನ ಆಸರೆ ಪಡೆದಿದ್ದರು. ಚಾವಣಿ ಅಲ್ಲಲ್ಲಿ ಕಿತ್ತುಹೋಗಿತ್ತು, ಕರೆಂಟ್ ಇರಲಿಲ್ಲ, ಶೌಚಾಲಯಗಳು ತುಂಬಿ ಹರಿಯುತ್ತಿದ್ದವು. ಸಮಾವೇಶ ಕೇಂದ್ರದ ಬಳಿ ಇನ್ನೂ ಸಾವಿರಾರು ಜನ ಅನ್ನ ನೀರಿಲ್ಲದೆ ಕಾಯುತ್ತಿದ್ದರು. ಮುದುಕರು, ಹಸುಗೂಸು ಎತ್ತಿಕೊಂಡ ತಾಯಂದಿರು, ಗಾಲಿಕುರ್ಚಿಯಲ್ಲೇ ಜೀವ ಬಿಟ್ಟವರು. ಇದೆಲ್ಲ ಟಿವಿಯಲ್ಲಿ ಬರುತ್ತಿತ್ತು. ಆದರೆ ಸಮಾವೇಶ ಕೇಂದ್ರದಲ್ಲಿ ಅಷ್ಟೊಂದು ಜನ ಇರುವುದು ತಮಗೆ ಗುರುವಾರವಷ್ಟೇ ಗೊತ್ತಾಯಿತು ಎಂದು ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ 'ಫೆಮಾ'ದ ಮುಖ್ಯಸ್ಥ ಮೈಕೆಲ್ ಬ್ರೌನ್ ಟಿವಿಯಲ್ಲೇ ಹೇಳಿದರು. ಮನೆಯಲ್ಲಿ ಕೂತ ಜನರಿಗೆ ಗೊತ್ತಿದ್ದದ್ದು ಸರ್ಕಾರಕ್ಕೆ ಗೊತ್ತಿರಲಿಲ್ಲ. ಮರುದಿನ ಶುಕ್ರವಾರ ಬುಷ್ ಅಲಬಾಮಾಕ್ಕೆ ಬಂದಿಳಿದು, ಅದೇ ಬ್ರೌನ್ ಅವರಿಗೆ ಎಲ್ಲರೆದುರು ಭೇಷ್ ಅಂದರು. ಅದಾಗಿ ಹತ್ತು ದಿನಕ್ಕೆ ಬ್ರೌನ್ ರಾಜೀನಾಮೆ ಕೊಡಬೇಕಾಯಿತು. ಅವರು ಸರ್ಕಾರಕ್ಕೆ ಬರುವ ಮುಂಚೆ ಅರಬ್ಬಿ ಕುದುರೆಗಳ ಸಂಘವೊಂದರಲ್ಲಿ ಅಧಿಕಾರಿಯಾಗಿದ್ದವರು ಎನ್ನುವುದು ಹೊರಬಂದ ಮೇಲಂತೂ ಸಿಟ್ಟು ನೆತ್ತಿಗೇರಿತು.

ಇನ್ನೊಂದು ಮಾತು ಗಾಯದ ಮೇಲೆ ಬರೆ ಎಳೆಯಿತು. ಒಡ್ಡು ಒಡೆಯುತ್ತದೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ ಎಂದು ಬುಷ್ ಹೇಳಿದರು. ಹಿಂದಿನ ವರ್ಷ, 2004ರ ಜುಲೈನಲ್ಲಿ, ನ್ಯೂ ಆರ್ಲಿಯನ್ಸ್ ಮುಳುಗಿದರೆ ಏನು ಮಾಡಬೇಕು ಎಂದು ಅಧಿಕಾರಿಗಳೇ ಕೂತು ಅಣಕು ತಾಲೀಮು ನಡೆಸಿದ್ದರು.

ಬುಷ್ ಒಬ್ಬರದ್ದೇ ತಪ್ಪು ಅನ್ನುವುದೂ ಸರಿಯಲ್ಲ. ಆ ಒಡ್ಡುಗಳು ಅವರಿಗಿಂತ ಎಷ್ಟೋ ಹಿಂದಿನವು. ಊರು ಖಾಲಿ ಮಾಡಿ ಎಂಬ ಕಡ್ಡಾಯ ಆದೇಶವನ್ನು ಮೇಯರ್ ರೇ ನೇಗಿನ್ ಹೊರಡಿಸಿದ್ದು ಹಿಂದಿನ ದಿನ, ಭಾನುವಾರ. ಕಾರಿಲ್ಲದ ಬಡವರನ್ನು ಸಾಗಿಸಬಹುದಾಗಿದ್ದ ಶಾಲಾ ಬಸ್ಸುಗಳು ನಿಂತಲ್ಲೇ ಮುಳುಗಿದವು. ಆದರೂ 2006ರಲ್ಲಿ ನೇಗಿನ್ ಮತ್ತೆ ಗೆದ್ದರು. ಹೊಣೆ ಹಂಚಿಹೋದಾಗ ಜನರ ಕಣ್ಣು ಸಾಮಾನ್ಯವಾಗಿ ಎಲ್ಲರಿಗಿಂತ ಮೇಲೆ ಕೂತವರ ಮೇಲೆ ಬೀಳುತ್ತದೆ.

ಹಾಗಾದರೆ ಅಂಕಿ ಏನು ಹೇಳುತ್ತದೆ? ಚಂಡಮಾರುತದ ಹೊತ್ತಿಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರನ್ನು ಮೆಚ್ಚುವವರ ಪ್ರಮಾಣ ಶೇ 40–45ರ ನಡುವೆ ಓಲಾಡುತ್ತಿತ್ತು. ಅಕ್ಟೋಬರ್ ಹೊತ್ತಿಗೆ 40ರ ಕೆಳಗೆ ಹೋಯಿತು. ನೋಡಿ, ಒಂದೇ ದಿನಕ್ಕೆ ಪಾತಾಳ ಕಂಡಿದ್ದಲ್ಲ. ಇರಾಕ್ ಯುದ್ಧದ ಬಗ್ಗೆ ಬೇಸರ ಮೊದಲೇ ಇತ್ತು, ಪೆಟ್ರೋಲ್ ಬೆಲೆಯೂ ಏರಿತ್ತು. ಆದರೆ ಕತ್ರಿನಾ ಅವರ ಬುಡಕ್ಕೇ ಪೆಟ್ಟು ಕೊಟ್ಟಿತು. 2001ರ ಸೆಪ್ಟೆಂಬರ್ 11ರ ದಾಳಿಯಾದಾಗ ಅದೇ ಗ್ಯಾಲಪ್‌ನಲ್ಲಿ ಅವರ ಅಂಕಿ ಎರಡೇ ವಾರದಲ್ಲಿ 51ರಿಂದ 90ಕ್ಕೆ ಜಿಗಿದಿತ್ತು. 'ಕಷ್ಟ ಬಂದರೆ ಈ ಮನುಷ್ಯ ನಮ್ಮನ್ನು ಕಾಯುತ್ತಾನೆ' ಎಂಬ ಆ ನಂಬಿಕೆಯ ಮೇಲೇ 2004ರ ಚುನಾವಣೆಯನ್ನೂ ಗೆದ್ದಿದ್ದರು. ಕಷ್ಟ ಬಂತು, ಕಾಯಲಿಲ್ಲ. ಆಮೇಲೆ ಗ್ಯಾಲಪ್‌ನಲ್ಲಿ ಅವರು 50 ಮುಟ್ಟಲೇ ಇಲ್ಲ.

ಎಲ್ಲರ ಮನಸ್ಸೂ ಒಂದೇ ಥರ ಬದಲಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಊರಲ್ಲಿ ಸಿಕ್ಕಿಕೊಂಡವರಲ್ಲಿ ಬಡ ಕಪ್ಪು ಜನರೇ ಜಾಸ್ತಿ. ಬಿಳಿಯರಾಗಿದ್ದರೆ ನೆರವು ಬೇಗ ಬರುತ್ತಿತ್ತು ಎಂದು ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 66ರಷ್ಟು ಕಪ್ಪು ಜನ ಹೇಳಿದರು. ಬಿಳಿಯರಲ್ಲಿ ಹೆಚ್ಚಿನವರು ಹಾಗೇನೂ ಆಗುತ್ತಿರಲಿಲ್ಲ ಅಂದರು. ಟಿವಿಯಲ್ಲಿ ಇಬ್ಬರೂ ನೋಡಿದ್ದು ಅದೇ ದೃಶ್ಯ.

ಇದಕ್ಕೆ ಪೂರ್ತಿ ಉಲ್ಟಾ ಆದದ್ದು ಜರ್ಮನಿಯಲ್ಲಿ. 2002ರ ಆಗಸ್ಟ್‌ನಲ್ಲಿ ಎಲ್ಬೆ ನದಿ ಮತ್ತು ಅದರ ಉಪನದಿಗಳು ಉಕ್ಕಿದವು. ಚುನಾವಣೆಗೆ ಆರು ವಾರವೂ ಇರಲಿಲ್ಲ. ಸರ್ಕಾರದ ಮುಖ್ಯಸ್ಥ, ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಸೋಲುತ್ತಾರೆ ಎಂಬ ಮಾತೇ ಎಲ್ಲೆಡೆ. ಅವರು ಗಂಬೂಟು ಹಾಕಿಕೊಂಡು ಗ್ರಿಮ್ಮಾ ಪಟ್ಟಣದ ಕೆಸರಿನಲ್ಲಿ ನಡೆದರು. ಎದುರಾಳಿ ಎಡ್ಮಂಡ್ ಸ್ಟೊಯ್ಬರ್ ಅಷ್ಟರಲ್ಲಿ ದ್ವೀಪವೊಂದರಲ್ಲಿ ರಜೆಯಲ್ಲಿದ್ದರು. ಸುಮ್ನೆ ಫೋಟೊಗೆ ನಿಂತು ಹೋಗಿದ್ದರೆ ಜನ ಮರೆಯುತ್ತಿದ್ದರು. ಶ್ರೋಡರ್ ತೆರಿಗೆ ಕಡಿತವನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಸುಮಾರು 700 ಕೋಟಿ ಯೂರೊ ಪರಿಹಾರಕ್ಕೆ ಹೊಂದಿಸಿದರು. ಸೆಪ್ಟೆಂಬರ್ 22ರ ಮತದಾನದಲ್ಲಿ ಎರಡೂ ಕಡೆಗೆ ಶೇ 38.5. ಇಡೀ ದೇಶದಲ್ಲಿ ಸುಮಾರು ಆರು ಸಾವಿರ ಮತಗಳಿಂದ ಅವರ ಪಕ್ಷ ಮುಂದೆ. ಇರಾಕ್ ಯುದ್ಧ ಬೇಡ ಎಂಬ ಅವರ ನಿಲುವೂ ಕೈಹಿಡಿದಿತ್ತು, ನಿಜ. ಆದರೆ ನೆರೆ ಬಂದ ಪ್ರದೇಶಗಳಲ್ಲಿ ಅವರ ಪಕ್ಷಕ್ಕೆ ಸುಮಾರು 7 ಶೇಕಡಾ ಅಂಶದಷ್ಟು ಹೆಚ್ಚು ಮತ ಬಿದ್ದದ್ದನ್ನು ಸಂಶೋಧಕರು ಆಮೇಲೆ ಲೆಕ್ಕ ಹಾಕಿ ತೋರಿಸಿದರು. 2005ರ ಚುನಾವಣೆ ಹೊತ್ತಿಗೆ ಅದರಲ್ಲಿ ಕಾಲು ಭಾಗದಷ್ಟೇ ಉಳಿದಿತ್ತು. ಕೃತಜ್ಞತೆ ಬೇಗ ಆರುತ್ತದೆ.

ಈಗ ಆ ದೊಡ್ಡ ತಪ್ಪಿಗೆ ಬರೋಣ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ಚುನಾವಣೆಗಳನ್ನೂ ವಿಪತ್ತಿನ ಖರ್ಚನ್ನೂ ಎದುರುಬದುರು ಇಟ್ಟು ನೋಡಿ 2009ರಲ್ಲಿ ಪ್ರಬಂಧ ಪ್ರಕಟಿಸಿದರು. ವಿಪತ್ತಿನ ನಂತರ ಪರಿಹಾರ ಹಂಚಿದ ಪಕ್ಷಕ್ಕೆ ಜನ ಮತ ಕೊಡುತ್ತಾರೆ. ವಿಪತ್ತಿಗೆ ಮುಂಚೆಯೇ ತಯಾರಿಗೆ ಹಣ ಹಾಕಿದವರಿಗೆ ಕೊಡುವುದಿಲ್ಲ. ತಯಾರಿಗೆ ಹಾಕಿದ ಒಂದು ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟ ತಪ್ಪಿಸುತ್ತದೆ ಎಂಬುದು ಅವರ ಅಂದಾಜು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೇ ನಾವು ಹಾರ ಹಾಕುತ್ತಿದ್ದೇವೆ. ಒಡ್ಡು ಗಟ್ಟಿ ಮಾಡಿ ಮತ ಸಿಗದಿದ್ದರೆ ಯಾವ ನಾಯಕರು ತಾನೇ ಆ ಕೆಲಸಕ್ಕೆ ಹಣ ಇಡುತ್ತಾರೆ? ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ, ಯಾಕೆಂದರೆ ಇದರ ಬೆಲೆ ತೆರುವವರು ಕಾರಿಲ್ಲದವರು, ಊರು ಬಿಟ್ಟು ಹೋಗಲು ಜಾಗ ಇಲ್ಲದವರು.

ಇದಕ್ಕೆ ಪುರಾವೆಯೂ ನ್ಯೂ ಆರ್ಲಿಯನ್ಸ್‌ನಲ್ಲೇ ಇದೆ. ಕತ್ರಿನಾ ನಂತರ ಊರಿನ ಒಡ್ಡು, ಗೇಟು, ಪಂಪುಗಳನ್ನು ಹೊಸದಾಗಿ ಕಟ್ಟಲು ಸುಮಾರು 1,450 ಕೋಟಿ ಡಾಲರ್ ಖರ್ಚಾಯಿತು. ಅದರಲ್ಲಿ ಹೆಚ್ಚಿನ ಪಾಲು ಬುಷ್ ಅಧಿಕಾರದಲ್ಲಿದ್ದಾಗಲೇ ಮಂಜೂರಾದದ್ದು. 2021ರ ಆಗಸ್ಟ್ 29ರಂದು, ಕತ್ರಿನಾ ಬಂದು ಸರಿಯಾಗಿ 16 ವರ್ಷಕ್ಕೆ, ಐಡಾ ಎಂಬ ಇನ್ನೊಂದು ಭಾರಿ ಚಂಡಮಾರುತ ಅದೇ ಲೂಸಿಯಾನಾಕ್ಕೆ ಬಡಿಯಿತು. ಊರಿಗೆಲ್ಲ ಕರೆಂಟ್ ಹೋಯಿತು. ಆದರೆ ಒಡ್ಡುಗಳು ನಿಂತವು, ಊರು ಮುಳುಗಲಿಲ್ಲ. ಆ ದಿನಗಳಲ್ಲಿ ಅಧ್ಯಕ್ಷ ಜೋ ಬೈಡನ್ ಅವರ ಜನಪ್ರಿಯತೆ ಇಳಿಯುತ್ತಿತ್ತು, ಅದಕ್ಕೆ ಮುಖ್ಯ ಕಾರಣ ಅಫ್ಘಾನಿಸ್ತಾನದಿಂದ ಸೇನೆ ವಾಪಸ್ ಕರೆಸಿಕೊಂಡ ರೀತಿ. ಮುಳುಗದೆ ಉಳಿದ ನ್ಯೂ ಆರ್ಲಿಯನ್ಸ್ ಅವರ ಅಂಕಿಯನ್ನು ಮೇಲೆತ್ತಲಿಲ್ಲ, ಬುಷ್ ಹೆಸರನ್ನೂ ಯಾರೂ ಎತ್ತಲಿಲ್ಲ.