ಎಲುಬು ಕೂಡಿದೆ, ರೊಟ್ಟಿ ಯಾಕೆ ಬರ್ತಿಲ್ಲ?

ಪ್ರಶ್ನೆ: ಅವ್ವಗೆ 61 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಈಗ ಬಿದ್ದು ಮೂರು ತಿಂಗಳು. ಎಕ್ಸ್‌ರೇ ನೋಡಿ ಡಾಕ್ಟರು ‘ಎಲುಬು ಕೂಡಿದೆ’ ಅಂದರು. ಅವ್ವ ಮಾತ್ರ ‘ರೊಟ್ಟಿ ಬಡಿಯಾಕ ಆಗವಲ್ದು’ ಅಂತಾಳೆ. ಯಾರ ಮಾತು ನಂಬಬೇಕು?
– ಓದುಗರೊಬ್ಬರು, ಗಂಗಾವತಿ

ಇಬ್ಬರದೂ ನಂಬಿ. ಡಾಕ್ಟರು ಎಲುಬಿನ ಲೆಕ್ಕ ಹೇಳಿದರು, ಅವ್ವ ಕೈಯ ಲೆಕ್ಕ ಹೇಳಿದರು. ಈ ಎರಡು ಲೆಕ್ಕ ಎಷ್ಟೋ ಸಲ ತಾಳೆಯಾಗುವುದಿಲ್ಲ. ವಯಸ್ಸಾದವರಲ್ಲಿ ಎಲುಬು ಕೊಂಚ ಸೊಟ್ಟಗೆ ಕೂಡಿದರೂ ಕೈ ಚೆನ್ನಾಗಿ ನಡೆಯುವುದುಂಟು. ನೆಟ್ಟಗೆ ಕೂಡಿದರೂ ಕೈ ಬಿಗಿದುಕೊಂಡೇ ಇರುವುದುಂಟು.

ಅದಕ್ಕೇ ಫಿಸಿಯೋಥೆರಪಿಯವರು ಬೇರೆ ಅಳತೆಗಳನ್ನೂ ತೆಗೆದುಕೊಳ್ಳುತ್ತಾರೆ. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ ಅಂತ ಗೋನಿಯೋಮೀಟರ್ ಇಟ್ಟು ನೋಡುತ್ತಾರೆ. ಡೈನಮೋಮೀಟರ್ ಹಿಸುಕಿಸಿ ಹಿಡಿತದ ಬಲ ಅಳೆದು, ಇನ್ನೊಂದು ಕೈಗೆ ಹೋಲಿಸುತ್ತಾರೆ.

ನನಗೆ ಹೆಚ್ಚು ಬೆಲೆಬಾಳುವುದು ಅನಿಸುವುದು ಮೂರನೆಯ ಅಳತೆ: ರೋಗಿಯನ್ನೇ ಕೇಳುವುದು. ಅದಕ್ಕೆ ಪಿಆರ್‌ಡಬ್ಲ್ಯುಇ ಅಂತ 15 ಪ್ರಶ್ನೆಗಳ ಹಾಳೆ ಇದೆ. ಐದು ನೋವಿನ ಬಗ್ಗೆ, ಹತ್ತು ಕೆಲಸದ ಬಗ್ಗೆ. ಪ್ರತಿಯೊಂದಕ್ಕೂ 0ರಿಂದ 10ರ ಒಳಗೆ ಅಂಕ; ನೋವು, ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲಸದ ಅಂಕವನ್ನು ಅರ್ಧ ಮಾಡಿ ಕೂಡಿದರೆ ಒಟ್ಟು 100. ಪರೀಕ್ಷೆಯ ಅಂಕದ ಹಾಗಲ್ಲ, ಇಲ್ಲಿ ಸೊನ್ನೆ ಬಂದವರೇ ಗೆದ್ದವರು! ಒಂದೆರಡು ಅಂಕ ಇಳಿದರೆ ಹಿಗ್ಗಬೇಡಿ. ಹನ್ನೆರಡರಷ್ಟಾದರೂ ಇಳಿದರೆ ಸುಧಾರಣೆ ಅನ್ನಬಹುದು.

ಆ ಹಾಳೆಯಲ್ಲಿ ಬಾಗಿಲ ಹಿಡಿ ತಿರುಗಿಸುವುದು, ಚಾಕುವಿನಿಂದ ಮಾಂಸ ಕತ್ತರಿಸುವುದು ಎಲ್ಲ ಇದೆ. ಮಾಂಸ ಮುಟ್ಟದ ಮನೆಯ ಅವ್ವಗೆ ಏನು ಹೇಳಬೇಕೋ ತಿಳಿಯಲ್ಲ, ಅಲ್ವಾ? ‘ಮಾಡಬೇಕಾಗಿ ಬಂದರೆ ಎಷ್ಟು ಕಷ್ಟವಾಗಬಹುದು’ ಅಂತ ಅಂದಾಜಿಸಿ ಹೇಳಿದರೆ ಸಾಕು. ಪ್ರಶ್ನೆ ಬದಲಿಸಿದರೆ ಅಂಕ ಹೋಲಿಸಲು ಬರುವುದಿಲ್ಲ.

ಮನೆಯಲ್ಲಿ ಮಾತ್ರ ರೊಟ್ಟಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಜೋಳದ ಹಿಟ್ಟು ನಾದುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಮೈಭಾರ ಹೊರಬೇಕು. ಬಡಿಯುವಾಗ ಅಂಗೈ ಕೆಳಮುಖವಾಗಿ ಚಪ್ಪಟೆಯಾಗಬೇಕು. ಹಂಚಿಗೆ ಹಾಕುವಾಗ ಮುಂಗೈ ತಿರುಗಬೇಕು. ಯಾವ ಹಂತದಲ್ಲಿ ಕೈ ಸೋಲುತ್ತದೆ ಅಂತ ನೋಡಿ ಫಿಸಿಯೋಥೆರಪಿಯವರಿಗೆ ಹೇಳಿ. ‘ಸುಮ್ನೆ ನೋವು’ ಅನ್ನುವುದಕ್ಕಿಂತ ಅದು ಎಷ್ಟೋ ಉಪಯೋಗ. ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ: ಎಷ್ಟು ರೊಟ್ಟಿಗೆ ಕೈ ಸೋತಿತು, ನೋವು ಹತ್ತಕ್ಕೆ ಎಷ್ಟು.

ಮೂರು ತಿಂಗಳಿಗೆ ಹೀಗಿರುವುದು ಅಪರೂಪವೇನಲ್ಲ. ಜಾಸ್ತಿ ಸುಧಾರಣೆ ಮೊದಲ ಆರು ತಿಂಗಳಲ್ಲಿ ಆದರೂ, ಹಿಡಿತದ ಬಲ ವರ್ಷದವರೆಗೂ ನಿಧಾನಕ್ಕೆ ಏರುತ್ತದೆ. ಆದರೆ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದಿದ್ದರೆ, ಬೆರಳು ಜೋಮು ಹಿಡಿದರೆ, ಕೈ ಊದಿ ಮುಟ್ಟಿದರೂ ಉರಿದರೆ ಕಾಯಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ಹೋದಾಗ ಮೂಳೆ ಸಾಂದ್ರತೆ ಪರೀಕ್ಷೆಯ ಬಗ್ಗೆಯೂ ಕೇಳಿ. ಈ ವಯಸ್ಸಿನಲ್ಲಿ ಬರೀ ಜಾರಿ ಬಿದ್ದದ್ದಕ್ಕೇ ಮಣಿಕಟ್ಟು ಮುರಿದರೆ, ಎಲುಬು ಸವೆದಿದೆಯೇ ಅಂತ ನೋಡಲೇಬೇಕು.