ಲೂಪಸ್ ಕಿಡ್ನಿ ಟ್ರಯಲ್: ‘ಅರ್ಧ ಜನಕ್ಕೆ ಬರೀ ಸಲೈನ್ ಹಾಕ್ತಾರಂತೆ, ಹೌದಾ?’

ಪ್ರಶ್ನೆ: ತಂಗಿಗೆ ಲೂಪಸ್. ಈಗ ಕಿಡ್ನಿಗೂ ಬಂದಿದೆ. ಆಂಟಿಬಾಡಿ ಔಷಧಿಯ ಟ್ರಯಲ್‌ಗೆ ಸೇರ್ತೀರಾ ಅಂತ ಡಾಕ್ಟರು ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧಿಯೇ ಕೊಡದೆ ಬರೀ ಸಲೈನ್ ಹಾಕ್ತಾರಂತೆ. ನಿಜವೇ?

ಇಲ್ಲ. ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ಕೈ ಸೋತಿದೆ, ಆದರೂ ಈ ಮಾತು ಸಾಯುತ್ತಿಲ್ಲ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ಬೆಳಗಿನ ಮೂತ್ರದಲ್ಲಿ ನೊರೆ, ಕಾಲಲ್ಲಿ ಊತ ಕಂಡವರಿಗೆ ಗೊತ್ತು. ಲೂಪಸ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವುದು; ಔಷಧಿ ನಿಲ್ಲಿಸಿ ಕೂರುವ ಕಾಯಿಲೆ ಇದಲ್ಲ. ಸುಮ್ನೆ ಬಿಟ್ಟರೆ ಕಿಡ್ನಿ ಹೋಗುತ್ತದೆ. ಅದಕ್ಕೇ ಈ ಟ್ರಯಲ್‌ಗಳಲ್ಲಿ ಸ್ಟೀರಾಯ್ಡ್, ಮೈಕೋಫೆನೊಲೇಟ್‌ನಂಥ ಮಾಮೂಲಿ ಔಷಧಿ ಎರಡೂ ಗುಂಪಿಗೆ ಇದ್ದೇ ಇರುತ್ತದೆ. ಪಂಕ್ತಿಯಲ್ಲಿ ಅನ್ನ ಸಾರು ಎಲ್ಲರ ಎಲೆಗೂ ಬೀಳುತ್ತದೆ ಅಲ್ವಾ? ಮೇಲಿನ ತುಪ್ಪ ಕೆಲವರಿಗೆ ಮಾತ್ರ. ಇಲ್ಲಿ ಆ ತುಪ್ಪವೇ ಆಂಟಿಬಾಡಿ, ಅಂದರೆ ದೇಹದೊಳಗಿನ ಒಂದು ನಿರ್ದಿಷ್ಟ ಗುರಿಗೆ ಹೋಗಿ ಅಂಟುವಂತೆ ಮಾಡಿದ ಪ್ರೋಟೀನ್ ಔಷಧಿ. ಉಳಿದವರ ಡ್ರಿಪ್‌ನಲ್ಲಿ ಅದು ಇರುವುದಿಲ್ಲ, ಅಷ್ಟೇ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ.

ನಂಬಿಕೆ ಬರಲಿಲ್ಲವೇ? ಲೆಕ್ಕ ನೋಡಿ. 2020ರಲ್ಲಿ ಬೆಲಿಮುಮ್ಯಾಬ್ ಅನ್ನುವ ಆಂಟಿಬಾಡಿಯ ದೊಡ್ಡ ಟ್ರಯಲ್ ಪ್ರಕಟವಾಯಿತು. 448 ಜನ, ಎರಡು ವರ್ಷ. ಆಂಟಿಬಾಡಿ ಪಡೆದವರಲ್ಲಿ ನೂರಕ್ಕೆ 43 ಜನರ ಕಿಡ್ನಿ ಹದಕ್ಕೆ ಬಂತು. ಪಡೆಯದವರಲ್ಲಿ 32. ಆ 32 ಜನ ಸಲೈನ್‌ನಿಂದ ಸುಧಾರಿಸಿದರೇ? ಖಂಡಿತ ಅಲ್ಲ. ಮಾಮೂಲಿ ಔಷಧಿ ಅವರ ಹೊಟ್ಟೆಗೂ ಹೋಗುತ್ತಿತ್ತು. 2025ರಲ್ಲಿ ಬಂದ ಒಬಿನುಟುಜುಮ್ಯಾಬ್ ಅನ್ನುವ ಇನ್ನೊಂದು ಆಂಟಿಬಾಡಿಯ ಟ್ರಯಲ್‌ನಲ್ಲೂ ಇದೇ ಕಥೆ: 271 ಜನ, ಪೂರ್ತಿ ಹತೋಟಿಗೆ ಬಂದವರು ಆಂಟಿಬಾಡಿ ಪಡೆದವರಲ್ಲಿ ನೂರಕ್ಕೆ 46, ಪಡೆಯದವರಲ್ಲಿ 33. ಮಧ್ಯದಲ್ಲಿ ಕಾಯಿಲೆ ಜಾಸ್ತಿಯಾದರೆ ಡಾಕ್ಟರು ಬೇರೆ ಔಷಧಿ ಕೊಟ್ಟೇ ಕೊಡುತ್ತಾರೆ. ಟ್ರಯಲ್ ಬೇಡ ಅನಿಸಿದ ದಿನ ನಿಮ್ಮ ತಂಗಿ ಹೊರಗೆ ಬರಬಹುದು. ಮಾಮೂಲಿ ಚಿಕಿತ್ಸೆಗೆ ಅದರಿಂದ ತೊಂದರೆಯಿಲ್ಲ.

ನಿಜವಾಗಿ ಕೇಳಬೇಕಾದ್ದು ಸೋಂಕಿನ ಬಗ್ಗೆ. ಒಬಿನುಟುಜುಮ್ಯಾಬ್ ಪಡೆದವರಲ್ಲಿ ಕೋವಿಡ್ ಸೇರಿದಂತೆ ಗಂಭೀರ ಸೋಂಕುಗಳು ಹೆಚ್ಚಿದ್ದವು. ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರದಲ್ಲಿ ಆ ಪುಟವನ್ನು, ‘ಎಲ್ಲರಿಗೂ ಕೊಡುವ ಚಿಕಿತ್ಸೆ’ ಅನ್ನುವ ಭಾಗವನ್ನು ಕೂತು ಓದಿ. ಅರ್ಥವಾಗದ ಸಾಲಿಗೆ ಗೆರೆ ಹಾಕಿ ಡಾಕ್ಟರ ಮುಂದಿಡಿ.

ನೀವು ಕೇಳದ ಒಂದು ಮಾತು. ರಿಟುಕ್ಸಿಮ್ಯಾಬ್ ಅನ್ನುವ ಹಳೆಯ ಆಂಟಿಬಾಡಿಯ ಟ್ರಯಲ್ 2012ರಲ್ಲಿ ಸೋತಿತ್ತು. 144 ಜನರಲ್ಲಿ ಎರಡು ಗುಂಪಿನ ನಡುವೆ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೂ ಬೇರೆ ಔಷಧಿ ಹಿಡಿಯದವರಿಗೆ ಡಾಕ್ಟರುಗಳು ಇವತ್ತಿಗೂ ಅದನ್ನು ಕೊಡುತ್ತಾರೆ. ಯಾಕೆ? ಆಮೇಲೆ ಅದೇ ಟ್ರಯಲ್‌ನ ರಕ್ತದ ಲೆಕ್ಕವನ್ನು ಮತ್ತೆ ಕೆದಕಿದಾಗ ಒಂದು ಸುಳಿವು ಸಿಕ್ಕಿತು. ಈ ಔಷಧಿ ಗುರಿಯಿಡುವ ಬಿ-ಕೋಶಗಳು (ರಕ್ಷಣಾ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕೋಶಗಳು) ರಕ್ತದಲ್ಲಿ ಪೂರ್ತಿ ಖಾಲಿಯಾದವರಲ್ಲಿ ಕಿಡ್ನಿ ಚೇತರಿಕೆ ಹೆಚ್ಚಿತ್ತು. ಅರೆಬರೆ ಖಾಲಿಯಾದವರಲ್ಲಿ ಕಡಿಮೆ. ಒಬಿನುಟುಜುಮ್ಯಾಬ್ ಕೂಡ ಹಿಡಿಯುವುದು ಬಿ-ಕೋಶದ ಮೇಲಿನ ಅದೇ ಸಿಡಿ20 ಪ್ರೋಟೀನನ್ನು. ಆದರೆ ಆ ಕೋಶಗಳನ್ನು ಇನ್ನೂ ಚೊಕ್ಕವಾಗಿ ತೆಗೆಯುವಂತೆ ಅದನ್ನು ಮಾಡಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಅಮೆರಿಕ ಅದಕ್ಕೆ ಲೂಪಸ್ ಕಿಡ್ನಿಗೆಂದೇ ಒಪ್ಪಿಗೆ ಕೊಟ್ಟಿತು.